ಗೃಹಪಾಠದ ಮೂರನೆಯ ಪ್ರಶ್ನೆ

ಕಳೆದ ಮಳೆಗಾಲದಲ್ಲಿ ಮೊಮ್ಮಗಳೊಡನೆ ಬೆಳಗಾವಿಯಿಂದ ಖಾನಾಪುರದ ನಮ್ಮ ಹಿರಿಯರ ಮನೆಗೆ ಹೋಗಿದ್ದೆ. ಅವಳು ಗೃಹಪಾಠವನ್ನೂ ಜೊತೆಗೆ ತಂದಿದ್ದಳು. ಪ್ರಶ್ನೆಗಳು ಮೂರು: ಗಣಕಯಂತ್ರಕ್ಕೆ ಎರಡು ಬಗೆಯ ಸ್ಮರಣೆ ಏಕೆ? ಮುದ್ರಕರಿಗೂ ಪ್ರಕಾಶಕರಿಗೂ ಭೇದವೇನು? ಅರ್ಥಿಂಗ್ ಎಂದರೇನು?

ಅಧ್ಯಾಪಕನಾಗಿ ನಿವೃತ್ತನಾದ ನನಗೆ ಇವು ಸುಲಭವೆನಿಸಿದವು. ಗಣಕದ ತಾತ್ಕಾಲಿಕ ಸ್ಮರಣೆ ಪಾಟಿಯ ಮೇಲಿನ ಬರಹದಂತೆ. ವಿದ್ಯುತ್ತು ಹೋದೊಡನೆ ಅಳಿಯುತ್ತದೆ. ಡಿಸ್ಕಿನಲ್ಲಿ ಉಳಿಸಿದ್ದು ವಹಿಯಲ್ಲಿ ಬರೆದಂತೆ ನಿಲ್ಲುತ್ತದೆ ಎಂದೆ.

ಎರಡನೆಯದಕ್ಕೆ ನಮ್ಮ ನಾಡಿನ ನಿದರ್ಶನವೇ ದೊರೆಯಿತು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಮೊಳೆ ಜೋಡಿಸಿ, ಶಾಯಿ ಹಚ್ಚಿ, ಹಾಳೆ ಒತ್ತುವವರು ಮುದ್ರಕರು. ಖರ್ಚನ್ನೂ ನಷ್ಟದ ಭಯವನ್ನೂ ಹೊತ್ತು ಗ್ರಂಥವನ್ನು ಓದುಗರಿಗೆ ತಲುಪಿಸುವವರು ಪ್ರಕಾಶಕರು. ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು ಹಳಕಟ್ಟಿಯವರು ಎರಡೂ ಹೊಣೆಗಳನ್ನು ತಾವೇ ಹೊತ್ತರು.

ಮೂರನೆಯದಕ್ಕೆ ಪುಸ್ತಕದ ವ್ಯಾಖ್ಯೆಯನ್ನೇ ಹೇಳಿ ಬರೆಯಿಸಿದೆ. ಬರೆದು ಮುಗಿಸಿದವಳು, “ಅಜ್ಜಾ, ಈ ಮನಿಗೆ ಅರ್ಥಿಂಗ್ ಐತೇನು?” ಎಂದು ಕೇಳಿದಳು.

“ಇರಬೇಕವ್ವಾ” ಎಂದೆನಾದರೂ ಮನಸ್ಸು ಅಳುಕಿತು. ಹಿತ್ತಿಲ ನೀರಿನ ಪಂಪನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಮಳೆಗಾಲದಲ್ಲಿ ಅದು ಸಹಜವೆಂದು ಮನೆಯ ಹೆಣ್ಣುಮಕ್ಕಳು ಚಪ್ಪಲಿ ಮೆಟ್ಟಿಕೊಂಡೇ ನೀರು ತುಂಬುತ್ತಿದ್ದರು. ಅದನ್ನು ಬಲ್ಲ ನಾನೂ ಸುಮ್ಮನಿದ್ದೆ.

ಮರುದಿನ ವಾಯರ್‌ಮನ್‌ನನ್ನು ಕರೆಸಿದೆವು. ಮೂರು ರಂಧ್ರಗಳ ಸಾಕೆಟ್ಟಿನಲ್ಲಿ ದೊಡ್ಡ ರಂಧ್ರದ ತಂತಿ ಬೋರ್ಡಿನ ಹಿಂದೆಯೇ ತುಂಡಾಗಿ ನಿಂತಿತ್ತು! ಪಂಪಿನೊಳಗಿನ ವಿದ್ಯುತ್ತು ಅದರ ಲೋಹದ ಕವಚಕ್ಕೆ ಸೋರಿದಾಗ ಆ ತಂತಿಯು ಅದನ್ನು ನೆಲಕ್ಕೆ ಒಯ್ಯಬೇಕು. ಆಗ ಫ್ಯೂಜು ಹೋಗಿ ಅಪಾಯ ತಪ್ಪುತ್ತದೆ. ತಂತಿ ಇಲ್ಲದಿದ್ದರೆ ಮುಟ್ಟಿದವರ ಒದ್ದೆ ಮೈಯೇ ದಾರಿಯಾಗುತ್ತದೆ. ಆತನು ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಭೂಸಂಪರ್ಕ ಕಲ್ಪಿಸಿದನು. ಪಂಪನ್ನೂ ದುರಸ್ತಿಗೆ ಕಳುಹಿಸಿ, ೩೦ ಮಿಲಿ ಆಂಪಿಯರಿನಷ್ಟು ಸೋರಿಕೆಯಾದರೂ ವಿದ್ಯುತ್ತನ್ನು ಕಡಿಯುವ ಸುರಕ್ಷಾ ಸ್ವಿಚ್ಚನ್ನು ಕೂಡಿಸಿದನು.

ಮೊಮ್ಮಗಳಿಗೆ ಪೂರ್ಣ ಅಂಕಗಳು ಬಂದವು. ವ್ಯಾಖ್ಯೆಯನ್ನು ಬಲ್ಲ ನಾನು ಅದನ್ನು ಮನೆಗೆ ಅನ್ವಯಿಸದೆ ಇಷ್ಟು ಕಾಲ ಕಳೆದೆನಲ್ಲ ಎಂಬ ನಾಚಿಕೆ ನನಗೆ ಉಳಿಯಿತು. ಓದುಗ ಬಂಧುಗಳು ಮಳೆ ಹಿಡಿಯುವ ಮುನ್ನ ತಮ್ಮ ಮನೆಯ ಅರ್ಥಿಂಗನ್ನು ಬಲ್ಲವರಿಂದ ಒಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ವಿನಂತಿ.