ಗುಂಡಿನ ಗಣಿತ

ಆಯ್ಕೆ ಎಂಬುದು ಮನುಷ್ಯನಿಗೆ ಅಂಟಿಕೊಂಡು ಬಂದ ದೊಡ್ಡ ತೊಡಕು. ತಾಯಿತಂದೆಯರನ್ನು ಆರಿಸಿಕೊಳ್ಳುವ ಕಷ್ಟವನ್ನೊಂದು ದೇವರು ನಮಗೆ ತಪ್ಪಿಸಿದ್ದಾನೆ. ಮಿಕ್ಕ ಎಲ್ಲಕ್ಕೂ ಈ ಕಾಟ ಇದ್ದೇ ಇದೆ. ಕಾಲೇಜಿಗೆ ಸೇರುವಾಗ ಇತಿಹಾಸವೋ ಅರ್ಥಶಾಸ್ತ್ರವೋ, ಜವಳಿ ಅಂಗಡಿಯಲ್ಲಿ ಹಸಿರೋ ನೀಲಿಯೋ, ಹೋಟೆಲಿನಲ್ಲಿ ಸೆಟ್ ದೋಸೆಯೋ ಮಸಾಲೆ ದೋಸೆಯೋ! ಇವುಗಳಲ್ಲಿ ಎಡವಿದರೆ ಅದರ ಫಲ ನಮಗೇ, ನಮ್ಮ ಜೇಬಿಗೇ. ಆದರೆ ಆರಿಸುವವರು ನಾವು, ಉಣ್ಣುವುದು ಬೇರೊಂದು ಜೀವ, ಎನ್ನುವಂಥ ಆಯ್ಕೆಗಳೂ ಉಂಟು. ಅಂಥದೊಂದು ಆಯ್ಕೆಯ ನಡುವೆ ಕಳೆದ ಮಳೆಗಾಲದಲ್ಲಿ ನಾನು ದುಭಾಷಿಯಾಗಿ ಸಿಕ್ಕಿಕೊಂಡೆ. ಆಗ ಕಲಿತದ್ದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ನನ್ನ ಚಿಕ್ಕಪ್ಪ ನಮೀಬಿಯಾ ದೇಶದ ವಿಂಡ್‌ಹುಕ್ ನಗರದಲ್ಲಿ ಇಂಜಿನಿಯರ್. ಹಾಸ್ಟೆಲಿನ ನನ್ನ ಗೆಳೆಯನಿಗೆ ಈ ದೇಶದ ಹೆಸರು ಗೊತ್ತಾದದ್ದೇ ೨೦೨೨ರಲ್ಲಿ, ಅಲ್ಲಿಂದ ಎಂಟು ಚೀತಾಗಳು ವಿಮಾನವೇರಿ ಮಧ್ಯಪ್ರದೇಶದ ಕುನೋ ಕಾಡಿಗೆ ಬಂದಿಳಿದಾಗ. ಚಿಕ್ಕಪ್ಪನಿಗೆ ಅಲ್ಲಿ ಒಬ್ಬ ಜಮೀನುದಾರನ ಸ್ನೇಹವಾಗಿತ್ತು. ಸಾವಿರಾರು ಎಕರೆ ಕುರುಚಲು ಬಯಲು ಆತನದು. ದನಗಳ ಜೊತೆಗೆ ಕಾಡುಮೃಗಗಳೂ ಅಲ್ಲಿ ಮೇಯುತ್ತವೆ. ಅಲ್ಲಿನ ಕಾನೂನು ಪರವಾನಗಿಯ ಮೇರೆಗೆ ಬೇಟೆಗೆ ಅವಕಾಶ ಕೊಟ್ಟಿದೆ. ಮಾಂಸಕ್ಕಾಗಿ ಒಂದು ಗಂಡು ಕುಡುವನ್ನು ಹೊಡೆಯಲು ಚಿಕ್ಕಪ್ಪನಿಗೆ ಆಹ್ವಾನ ಬಂತು. ಕುಡು ಎಂದರೆ ಸುರುಳಿಗೊಂಬಿನ ದೊಡ್ಡ ಮೃಗ. ಮೈಮೇಲೆ ಸುಣ್ಣದಲ್ಲಿ ಎಳೆದಂತೆ ಬಿಳಿಯ ಗೀರುಗಳು, ಮೊರದಂಥ ಕಿವಿಗಳು. ಅದು ಆಫ್ರಿಕದ ಹೆಸರಾದರೂ ನಮ್ಮ ಹಳಗನ್ನಡದಲ್ಲಿ ‘ಕುಡು’ ಎಂದರೆ ಬಾಗಿದ್ದು ಎಂದೇ ಅರ್ಥ, ಕುಡುಗೋಲಿನಲ್ಲಿರುವುದೂ ಅದೇ. ಕಾಕತಾಳೀಯವೆಂದರೆ ಇದು!

ಜಮೀನುದಾರನ ಬೀರುವಿನಲ್ಲಿ ಮೂರು ರೈಫಲುಗಳಿದ್ದವು. “ಯಾವುದು ಬೇಕೋ ತೆಗೆದುಕೋ, ಗುಂಡನ್ನೂ ನೀನೇ ಆರಿಸು” ಎಂದನಂತೆ. ಚಿಕ್ಕಪ್ಪ ಊರಿಗೆ ಫೋನು ಮಾಡಿ ಅಜ್ಜನನ್ನು ಕೇಳಿದ. ಅಜ್ಜ ನಮ್ಮ ಮಲೆನಾಡಿನ ಹಳೆಯ ಶಿಕಾರಿ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆಯ ಸಹವಾಸವನ್ನೇ ಬಿಟ್ಟವರು. ಅವರಿಗೆ ಫೋನಿನಲ್ಲಿ ಕಿವಿ ಕೇಳಿಸದು. ಚಿಕ್ಕಪ್ಪ ಹೇಳಿದ್ದನ್ನು ಅಜ್ಜನ ಕಿವಿಯಲ್ಲಿ ಕೂಗುವುದು, ಅಜ್ಜ ಹೇಳಿದ್ದನ್ನು ಚಿಕ್ಕಪ್ಪನಿಗೆ ಒಪ್ಪಿಸುವುದು ನನ್ನ ಕೆಲಸವಾಯಿತು. ಕೇಪಿನ ಕೋವಿ ಮತ್ತು ತೋಟೆ ಕೋವಿಗಳನ್ನಷ್ಟೇ ಬಳಸಿದ್ದ ಅಜ್ಜನಿಗೆ ರೈಫಲಿನ ಅಂಕಿಗಳು ಹೊಸವು. ಅವರಿಗೆ ತಿಳಿಸಿ ಹೇಳಬೇಕಾದರೆ ಮೊದಲು ನಾನು ತಿಳಿಯಬೇಕಲ್ಲ! ಹೀಗೆ ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಗುಂಡಿನ ಗಣಿತಕ್ಕೆ ಇಳಿದ.

ಮೊದಲನೆಯ ತೊಡಕು ಹೆಸರುಗಳದು. ಬೀರುವಿನ ಮೊದಲ ರೈಫಲು ‘೭×೫೭ ಮೌಸರ್’. ಅಂದರೆ ನಳಿಗೆಯ ಒಳವ್ಯಾಸ ೭ ಮಿಲಿಮೀಟರ್, ತೋಟೆಯ ಹಿತ್ತಾಳೆ ಚಿಪ್ಪಿನ ಉದ್ದ ೫೭ ಮಿಲಿಮೀಟರ್. ೧೮೯೯ರಿಂದ ೧೯೦೨ರವರೆಗೆ ನಡೆದ ಯುದ್ಧದಲ್ಲಿ ದಕ್ಷಿಣ ಆಫ್ರಿಕದ ಬೋಯರರು ಇಂಗ್ಲಿಷರ ಮೇಲೆ ಹಾರಿಸಿದ್ದು ಇದನ್ನೇ. ಎರಡನೆಯದು ‘.೩೦-೦೬’, ಒಂದು ಅಂಗುಲದ ನೂರರಲ್ಲಿ ಮೂವತ್ತು ಪಾಲು ಒಳವ್ಯಾಸ, ೧೯೦೬ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡದ್ದು. ಮೂರನೆಯದು ೧೯೬೩ರಲ್ಲಿ ಬಂದ ‘.೩೦೦ ವಿಂಚೆಸ್ಟರ್ ಮ್ಯಾಗ್ನಮ್’. ಇದರ ನಳಿಗೆಯೂ ಎರಡನೆಯದರಷ್ಟೇ ಅಗಲ. ಆದರೆ ಚಿಪ್ಪು ದೊಡ್ಡದು, ಮದ್ದು ಹೆಚ್ಚು, ಗುಂಡಿನ ಓಟವೂ ಹೆಚ್ಚು. ಕೇಳಿದೊಡನೆ ಚಿಕ್ಕಪ್ಪನ ಮನಸ್ಸು ಹೋದದ್ದು ಈ ಮೂರನೆಯದರ ಕಡೆಗೆ. ದೊಡ್ಡದೇ ಒಳ್ಳೆಯದು ಎಂಬ ನಂಬಿಕೆ ಮನುಷ್ಯನಿಗೆ ಹುಟ್ಟುಗುಣ.

ನಮೀಬಿಯಾದ ಕಾನೂನು ಈ ವಿಷಯದಲ್ಲಿ ಬಹಳ ಅಚ್ಚುಕಟ್ಟು. ಮೃಗದ ಗಾತ್ರಕ್ಕೆ ತಕ್ಕಂತೆ ನಳಿಗೆಯ ಬಾಯಲ್ಲಿ ಗುಂಡಿಗೆ ಇಷ್ಟು ಶಕ್ತಿ ಇರಲೇಬೇಕೆಂದು ಅದು ಗೊತ್ತುಮಾಡಿದೆ: ಸ್ಪ್ರಿಂಗ್‌ಬಕ್ಕಿನಂಥ ಸಣ್ಣ ಜಿಂಕೆಗೆ ೧,೩೫೦ ಜೂಲ್, ಕುಡು, ಓರಿಕ್ಸ್, ವೈಲ್ಡ್‌ಬೀಸ್ಟ್, ಈಲಂಡುಗಳಿಗೆ ೨,೭೦೦, ಕಾಡೆಮ್ಮೆ ಆನೆಗಳಿಗೆ ೫,೪೦೦. ಹೈಸ್ಕೂಲಿನಲ್ಲಿ ಕಲಿತ ಸೂತ್ರವನ್ನು ಧೂಳು ಕೊಡವಿ ಹೊರತೆಗೆದೆ: ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. ಗುಂಡಿನ ತೂಕವನ್ನು ಗ್ರೇನುಗಳಲ್ಲಿ ಹೇಳುತ್ತಾರೆ. ಸುಮಾರು ಹದಿನೈದೂವರೆ ಗ್ರೇನು ಸೇರಿದರೆ ಒಂದು ಗ್ರಾಮು. ಮೌಸರಿನ ೧೭೫ ಗ್ರೇನಿನ ಗುಂಡು ಸೆಕೆಂಡಿಗೆ ೭೪೪ ಮೀಟರ್ ಓಡಿದರೆ ಸುಮಾರು ೩,೧೦೦ ಜೂಲ್. .೩೦-೦೬ರ ೧೮೦ ಗ್ರೇನಿನ ಗುಂಡು ೮೨೩ ಮೀಟರ್ ಓಡಿದರೆ ಸುಮಾರು ೩,೯೫೦. ಮ್ಯಾಗ್ನಮ್ಮಿನಲ್ಲಿ ಅದೇ ಗುಂಡು ೯೦೦ ಮೀಟರ್ ಓಡಿ ಸುಮಾರು ೪,೭೦೦. ಮೂರೂ ಕಾನೂನಿನ ಪರೀಕ್ಷೆಯಲ್ಲಿ ಪಾಸು! ಹಾಗಾದರೆ ಆರಿಸುವುದು ಹೇಗೆ?

ಲೆಕ್ಕವನ್ನು ಇನ್ನೊಮ್ಮೆ ಮಾಡಿದಾಗ ಒಂದು ಸೋಜಿಗ ಕಂಡಿತು. .೩೦-೦೬ರಲ್ಲಿಯೇ ೧೫೦ ಗ್ರೇನಿನ ಹಗುರ ಗುಂಡನ್ನು ಹಾಕಿದರೆ ಅದು ವೇಗವಾಗಿ ಓಡಿ ಸುಮಾರು ೩,೮೦೦ ಜೂಲ್ ಕೊಡುತ್ತದೆ. ಭಾರದ ಗುಂಡಿಗೂ ಹಗುರ ಗುಂಡಿಗೂ ಶಕ್ತಿಯಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಆದರೆ ಬೇಟೆಯನ್ನು ಬಲ್ಲವರೆಲ್ಲ ದೊಡ್ಡ ಮೃಗಕ್ಕೆ ಭಾರದ್ದೇ ಇರಲಿ ಎನ್ನುತ್ತಾರೆ. ಕಾರಣವಿಷ್ಟೆ: ಒಂದೇ ತೂಕದ ಕಬ್ಬಿಣವನ್ನು ಮೊಳೆಯಾಗಿ ಮಾಡಿದರೆ ಹಲಗೆಯೊಳಗೆ ಇಳಿಯುತ್ತದೆ, ಬಿಲ್ಲೆಯಾಗಿ ಮಾಡಿದರೆ ಇಳಿಯದು. ಅಗಲ ಒಂದೇ ಇರುವಾಗ ಭಾರದ ಗುಂಡು ಉದ್ದನೆಯ ಗುಂಡು, ಅಂದರೆ ಮೊಳೆಗೆ ಹತ್ತಿರದ್ದು. ತೂಕವನ್ನು ಪೌಂಡಿನಲ್ಲಿ ಹಿಡಿದು ಅಂಗುಲದ ವ್ಯಾಸದ ವರ್ಗದಿಂದ ಭಾಗಿಸಿ ಇದಕ್ಕೊಂದು ಅಂಕಿ ಕೊಡುತ್ತಾರೆ. ೧೫೦ ಗ್ರೇನಿನದಕ್ಕೆ ೦.೨೨೬, ೧೮೦ರದಕ್ಕೆ ೦.೨೭೧, ಮುದಿ ಮೌಸರಿನ ೧೭೫ ಗ್ರೇನಿನದಕ್ಕೆ ಮೂರರಲ್ಲೂ ಮೇಲಾಗಿ ೦.೩೧೦!

ಈ ಮುದುಕನ ಪ್ರತಾಪ ಸಾಮಾನ್ಯವಲ್ಲ. ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ ಎಂಬ ಬೇಟೆಗಾರ ಆಫ್ರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದ. ಬಹುಪಾಲು ಇದೇ ತೋಟೆಯಿಂದ. ಅವನು ಆನೆಯ ತಲೆಬುರುಡೆಯನ್ನು ಅಭ್ಯಾಸ ಮಾಡಿ ಮಿದುಳು ಎಲ್ಲಿದೆಯೆಂದು ಮನನ ಮಾಡಿಕೊಂಡಿದ್ದ. ಅಷ್ಟು ಆನೆಗಳ ಸಾವು ಇಂದು ಓದುವವನಿಗೆ ಸಂತೋಷ ತರುವಂಥದ್ದಲ್ಲ. ಆದರೆ ಗುಂಡಿನ ದಪ್ಪಕ್ಕಿಂತ ಅದು ತಲುಪುವ ಜಾಗವೇ ಮುಖ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ಬಂದ ರಿಗ್ಬಿ ರೈಫಲಿನ ತೋಟೆಯೂ, ಇಂಗ್ಲಿಷ್ ಹೆಸರು ಹೊತ್ತ ಇದೇ ಮೌಸರ್ ತೋಟೆ. ಕಾರ್ಬೆಟ್ ೧೯೪೭ರಲ್ಲಿ ಭಾರತ ಬಿಟ್ಟು ಕೀನ್ಯಕ್ಕೆ ಹೋಗಿ, ೧೯೫೫ರಲ್ಲಿ ನ್ಯೇರಿಯಲ್ಲಿ ತೀರಿಕೊಂಡ.

ನಮ್ಮ ನಾಡಿಗೂ ಆಫ್ರಿಕಕ್ಕೂ ಇಂಥ ಇನ್ನೊಂದು ನಂಟಿದೆ. ಅಮೆರಿಕದ ಅಧ್ಯಕ್ಷಗಿರಿಯನ್ನು ಬಿಟ್ಟೊಡನೆ ಥಿಯೊಡೊರ್ ರೂಸ್‌ವೆಲ್ಟ್ ೧೯೦೯ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದಾಗ ಸಿಂಹಗಳಿಗೆಂದು ನೆಚ್ಚಿಕೊಂಡದ್ದು .೪೦೫ ವಿಂಚೆಸ್ಟರನ್ನು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದಾಗ ಹೆಗಲ ಮೇಲಿದ್ದದ್ದೂ .೪೦೫ ವಿಂಚೆಸ್ಟರೇ. ಇದನ್ನು ಹೇಳಿದಾಗ ಅಜ್ಜನ ಮುಖ ಅರಳಿತು. “ಹಾಗಾದರೆ ಆಫ್ರಿಕ ತೀರ ದೂರವೇನಲ್ಲ” ಎಂದರು.

ಇಲ್ಲಿಗೆ ರೈಫಲಿನ ಪುರಾಣ ಮುಗಿಯಿತು. ಗುಂಡಿನ ಪುರಾಣ ಅದಕ್ಕಿಂತ ಸೂಕ್ಷ್ಮ. ಬೇಟೆಯ ಗುಂಡೆಂದರೆ ಸೀಸದ ತಿರುಳು, ತಾಮ್ರದ ಅಂಗಿ. ಮೂತಿಯಲ್ಲಿ ಸೀಸ ತೆರೆದಿದ್ದರೆ ಮೈಗೆ ತಾಕಿದೊಡನೆ ಅದು ಅಣಬೆಯಂತೆ ಅರಳಿ ಗಾಯವನ್ನು ಅಗಲಮಾಡುತ್ತದೆ. ಅರಳುವುದು ಬೇಕು, ಒಡೆದು ಚೂರಾಗುವುದು ಬೇಡ. ಹತ್ತಿರದಿಂದ ಅತಿ ವೇಗದಲ್ಲಿ ಹೆಗಲಮೂಳೆಗೆ ಬಡಿದ ಮೆತ್ತನೆಯ ಗುಂಡು ಅಲ್ಲೇ ಚೂರಾಗಿ, ಮೇಲುಮೇಲೆ ಭೀಕರವಾಗಿ ಕಾಣುವ ಗಾಯವನ್ನು ಮಾಡುತ್ತದೆ, ಪ್ರಾಣಸ್ಥಾನವನ್ನು ಮುಟ್ಟುವುದಿಲ್ಲ. ಅರಳದೆ ಇರುವ ಗಟ್ಟಿ ಗುಂಡು ಸಣ್ಣ ತೂತು ಕೊರೆದು ಆಚೆ ಹೋಗಿ ಹಿಂದೆ ನಿಂತ ಇನ್ನೊಂದು ಮೃಗಕ್ಕೂ ತಾಕಬಹುದು. ಹಿಂಡಾಗಿ ಮೇಯುವ ಬಯಲುಮೃಗಗಳಲ್ಲಿ ಇದು ದೊಡ್ಡ ಭಯ. ೧೯೪೬ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ನನು ಕೆನಡಾದಲ್ಲಿ ಮೂಸ್ ಎಂಬ ಭಾರಿ ಜಿಂಕೆಗೆ ಹೊಡೆದ ಗುಂಡುಗಳು ಒಳಕ್ಕಿಳಿಯದೆ ಒಡೆದುಹೋದವು. ಅವನು ಮನೆಗೆ ಹೋಗಿ ಯೋಚಿಸಿ, ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಕ್ಕೆ ನೂಕುತ್ತದೆ. ಆ ‘ಪಾರ್ಟಿಷನ್’ ಗುಂಡು ೧೯೪೮ರಿಂದ ಮಾರಾಟದಲ್ಲಿದೆ. ಈಚೆಗೆ ಸೀಸವೇ ಇಲ್ಲದ, ಇಡಿಯಾಗಿ ತಾಮ್ರದ ಗುಂಡುಗಳೂ ಬಂದಿವೆ. ಅವು ಸೀಳಿಕೊಂಡು ಹೂವಿನ ದಳಗಳಂತೆ ಅರಳುತ್ತವೆ, ಚೂರಾಗುವುದು ಕಡಿಮೆ.

ತಾಮ್ರಕ್ಕೆ ಇನ್ನೊಂದು ಪುಣ್ಯವೂ ಇದೆ. ಬೇಟೆಗಾರ ಬಯಲಲ್ಲಿ ಬಿಟ್ಟು ಬಂದ ಕರುಳಿನಲ್ಲಿ ಸೀಸದ ಚೂರುಗಳಿದ್ದರೆ ಅದನ್ನು ತಿಂದ ರಣಹದ್ದುಗಳಿಗೆ ವಿಷವೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡರ್ ಹದ್ದುಗಳು ಹೀಗೆ ಸಾಯುತ್ತಿದ್ದುದರಿಂದಲೇ ೨೦೧೯ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿಯಾಗಿ ನಿಷಿದ್ಧ. ದನಗಳಿಗೆ ಕೊಟ್ಟ ಒಂದು ನೋವಿನ ಔಷಧಿಯಿಂದ ನಮ್ಮ ದೇಶದ ರಣಹದ್ದುಗಳು ಹೇಗೆ ನಾಶವಾದುವೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟನ್ನೂ ನಾನು ಅಜ್ಜನ ಮುಂದೆ ಒಪ್ಪಿಸಿದೆ. ಅವರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಆಮೇಲೆ, “ಆ ಕುಡು ನಮ್ಮ ಕಡವೆಯಷ್ಟು ದೊಡ್ಡದೋ?” ಎಂದು ಕೇಳಿದರು. ಹೆಚ್ಚುಕಡಿಮೆ ಅಷ್ಟೇ, ಇನ್ನೂರೈವತ್ತು ಕಿಲೋ ತೂಗಬಹುದು ಎಂದೆ. ಆಗ ಅವರು, ಮನೆಯಲ್ಲಿ ಯಾರೂ ಕೇಳಿರದ ಒಂದು ಸಂಗತಿ ಹೇಳಿದರು. ೧೯೬೪ರ ಬೇಸಗೆಯಲ್ಲಿ ಒಂದು ಗಂಡು ಕಡವೆಗೆ ಮುಸ್ಸಂಜೆಯಲ್ಲಿ ಈಡು ಹೊಡೆದರಂತೆ. ದೂರ ಹೆಚ್ಚಾಗಿತ್ತು, ಕೋವಿಯಲ್ಲಿದ್ದದ್ದು ದಪ್ಪ ಚರೆ. ಕಡವೆ ಬೀಳಲಿಲ್ಲ. ಮರುದಿನವೆಲ್ಲ ನೆತ್ತರಿನ ಹನಿ ಹಿಡಿದು ಹಳ್ಳದ ಆಚೆಯವರೆಗೆ ಹೋದರು; ಅಲ್ಲಿ ಹನಿ ನಿಂತುಹೋಯಿತು. ಎಂಟು ದಿನದ ಮೇಲೆ ದನ ಕಾಯುವ ಹುಡುಗರು ವಾಸನೆ ಬಂತೆಂದು ತೋರಿಸಿದ ಜಾಗದಲ್ಲಿ ಅದು ನೀರಿಗೆ ಮೂತಿ ಚಾಚಿ ಸತ್ತು ಬಿದ್ದಿತ್ತು. “ಸತ್ತದ್ದು ನಿನ್ನೆಯೋ ಮೊನ್ನೆಯೋ ಆಗಿತ್ತು ಮಾರಾಯ. ಅಷ್ಟು ದಿನ ಅದು ಬದುಕಿತ್ತು” ಎಂದರು. ಅಡಕತ್ತರಿ ಆಡುವುದು ನಿಂತಿತ್ತು.

ಆ ಬಳಿಕ ಅವರು ಕೊಟ್ಟ ಉಪದೇಶ ಮೂರೇ ಮಾತಿನದು. “ಅವನಿಗೆ ಹೇಳು: ಯಾವ ಕೋವಿ ಒದ್ದರೂ ಕಣ್ಣು ಮುಚ್ಚುವುದಿಲ್ಲವೋ ಅದನ್ನು ಹಿಡಿಯಲಿ. ಭಾರದ ಗುಂಡು ಹಾಕಲಿ. ನೂರೈವತ್ತು ಹೆಜ್ಜೆಗಿಂತ ಆಚೆಗಿದ್ದರೆ ಮನೆಗೆ ಹೋಗಿ ಊಟ ಮಾಡಲಿ.”

ಮೊದಲ ಮಾತಿನ ಬೆಲೆ ನನಗೆ ಆಮೇಲೆ ತಿಳಿಯಿತು. ಮ್ಯಾಗ್ನಮ್ ರೈಫಲು ಹೆಗಲಿಗೆ ಬಲವಾಗಿ ಒದೆಯುತ್ತದೆ. ನಾಲ್ಕು ಸಲ ಒದೆಸಿಕೊಂಡವನು ಐದನೆಯ ಸಲ ಕುದುರೆ ಎಳೆಯುವ ಮೊದಲೇ ಬೆಚ್ಚುತ್ತಾನೆ. ಗುಂಡು ಒಂದು ಗೇಣು ಹಿಂದಕ್ಕೆ ಹೋಗಿ ಹೊಟ್ಟೆಗೆ ತಾಕುತ್ತದೆ. ಹೆಚ್ಚಿನ ಎಂಟುನೂರು ಜೂಲ್ ಆಗ ಮೃಗಕ್ಕೆ ಯಾವ ಉಪಕಾರವನ್ನೂ ಮಾಡದು. ಆಫ್ರಿಕದ ಮೃಗಗಳಲ್ಲಿ ಹೃದಯ ಬಹಳ ಕೆಳಗೆ, ಬಹಳ ಮುಂದೆ, ಎರಡು ಹೆಗಲುಗಳ ನಡುವೆಯೇ ಇದೆಯೆಂದು ಅಲ್ಲಿಯವರು ಹೇಳುತ್ತಾರೆ. ಮುಂಗಾಲಿನ ಗೆರೆ ಹಿಡಿದು ಮೇಲಕ್ಕೆ ಬಂದು, ಮೈಯ ಮೂರರಲ್ಲೊಂದು ಪಾಲು ಎತ್ತರದಲ್ಲಿ ಗುರಿಯಿಡಬೇಕು. ಅಲ್ಲಿಗೆ ಹೋಗುವ ದಾರಿಯಲ್ಲಿ ಮೂಳೆ ಅಡ್ಡ ಬರುತ್ತದೆ. ಅದಕ್ಕೇ ಅಜ್ಜನ ಎರಡನೆಯ ಮಾತು.

ಚಿಕ್ಕಪ್ಪ .೩೦-೦೬ನ್ನು ಹಿಡಿದ, ೧೮೦ ಗ್ರೇನಿನ ತಾಮ್ರದ ಗುಂಡನ್ನು ಆರಿಸಿದ. ಎರಡು ವಾರ ಮೂರು ಕಾಲಿನ ಊರುಗೋಲಿನ ಮೇಲೆ ರೈಫಲನ್ನಿಟ್ಟು ಕಾಗದದ ಗುರಿಗೆ ಹೊಡೆದು ಅಭ್ಯಾಸ ಮಾಡಿದ. ಬೇಟೆಯ ಮೊದಲ ದಿನ ಇನ್ನೂರೈವತ್ತು ಮೀಟರಿನಲ್ಲಿ ಒಳ್ಳೆಯ ಕುಡುವೊಂದು ಓರೆಯಾಗಿ ನಿಂತಿತ್ತಂತೆ. ಜೊತೆಗಿದ್ದವರು ಹೊಡೆ ಎಂದರೂ ಹೊಡೆಯದೆ ಬಂದ. ಎರಡನೆಯ ದಿನ ಬೆಳಗ್ಗೆ ಮುಳ್ಳುಗಿಡಗಳ ಮರೆಯಲ್ಲಿ ತೊಂಬತ್ತು ಮೀಟರಿಗೆ ಹೋದ. ಆ ಸಂಜೆ ಫೋನು ಬಂದಾಗ ಕೊಂಬಿನ ಉದ್ದ ಎಷ್ಟೆಂದು ಹೇಳಲು ಚಿಕ್ಕಪ್ಪ ಕಾತರನಾಗಿದ್ದ. ಅಜ್ಜ ಅದನ್ನು ಕೇಳಲಿಲ್ಲ. ಅವರು ನನ್ನ ಬಾಯಲ್ಲಿ ಕೇಳಿಸಿದ್ದು ಒಂದೇ ಪ್ರಶ್ನೆ: “ಎಷ್ಟು ದೂರ ಓಡಿತು?”

“ನಲವತ್ತು ಹೆಜ್ಜೆ, ಅಪ್ಪಯ್ಯನಿಗೆ ಹೇಳು.”

ಹೇಳಿದೆ. ಅಜ್ಜ ತಲೆಯಾಡಿಸಿ ಎದ್ದು ಒಳಗೆ ಹೋದರು.

ಈ ಕಥೆಯನ್ನು ಕೇಳಿದ ಹಾಸ್ಟೆಲಿನ ಗೆಳೆಯ, “ಕೊಲ್ಲದೇ ಇದ್ದಿದ್ದರೆ ಈ ಗಣಿತವೇ ಬೇಕಿರಲಿಲ್ಲವಲ್ಲ!” ಎಂದ. ಅವನ ಮಾತಿನಲ್ಲಿ ತೂಕವಿದೆ. ನಮ್ಮ ದೇಶ ಆ ಉತ್ತರವನ್ನೇ ಆರಿಸಿಕೊಂಡಿತು. ಕೀನ್ಯವೂ ೧೯೭೭ರಲ್ಲಿ ಬೇಟೆಯನ್ನು ನಿಲ್ಲಿಸಿತು. ನಮೀಬಿಯಾ ಬೇರೆ ದಾರಿ ಹಿಡಿದು, ಕಾಡುಮೃಗದಿಂದ ಜಮೀನಿನವನಿಗೂ ಹಳ್ಳಿಯವನಿಗೂ ಆದಾಯವಿದ್ದರೆ ಅವನೇ ಅದನ್ನು ಕಾಯುತ್ತಾನೆಂದು ವಾದಿಸುತ್ತದೆ. ಈ ಎರಡರಲ್ಲಿ ಯಾವುದು ಮೇಲೆಂದು ತೀರ್ಪು ಕೊಡುವಷ್ಟು ವಯಸ್ಸು ನನಗಾಗಿಲ್ಲ. ನಾನಂತೂ ಕೋವಿ ಹಿಡಿಯುವವನಲ್ಲ. ಆದರೆ ಊಟದ ಎಲೆಯಲ್ಲಿ ಕೋಳಿಯ ಸಾರು ಬಡಿಸಿಕೊಳ್ಳುವಾಗ, ಅದು ಹೇಗೆ ಸತ್ತಿತೆಂದು ನಾನಾಗಲಿ ನನ್ನ ಗೆಳೆಯನಾಗಲಿ ಎಂದೂ ಕೇಳಿದವರಲ್ಲ. ಅಜ್ಜ ಕೇಳಿದರು. ಅರುವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಲೇ ಇದ್ದರು ಎಂದು ಈಗ ತೋರುತ್ತದೆ.

ಕ್ಯಾಲಿಬರು, ಗ್ರೇನು, ಜೂಲುಗಳೆಲ್ಲ ಕೊನೆಗೆ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಉಪಾಯಗಳು. ಸಾವನ್ನು ಕೊಡಹೊರಟವನು ಅದನ್ನು ಚಿಕ್ಕದಾಗಿ ಕೊಡುವ ಋಣವನ್ನು ಹೊತ್ತಿರುತ್ತಾನೆ. ಆ ಋಣದ ಲೆಕ್ಕವನ್ನು ಗುಂಡು ಸಿಡಿಯುವ ಮೊದಲೇ ಮಾಡಿಕೊಳ್ಳಬೇಕು. ಸಿಡಿದ ಮೇಲೆ ಅದನ್ನು ತೀರಿಸುವುದಕ್ಕೆ ಮೃಗ ನಮಗಾಗಿ ಕಾದು ನಿಲ್ಲುವುದಿಲ್ಲ.