ಮಾವನ ಕಾರವಾನಿನಲ್ಲಿ ಮೂರು ರಾತ್ರಿ

ಕಾರವಾನ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದೇನು? ಶೂಟಿಂಗ್ ಜಾಗದ ಒಂದು ಮೂಲೆಯಲ್ಲಿ, ಮರದ ನೆರಳಲ್ಲಿ ನಿಂತ ಬಿಳಿ ಬಸ್ಸು. ಗುಂಯ್ ಅನ್ನುವ ಜನರೇಟರ್. ಮುಚ್ಚಿದ ಬಾಗಿಲು. ಬಾಗಿಲ ಹೊರಗೆ ನೀವು, ಒಳಗೆ ನಿಮ್ಮ ಹೀರೋ! 'ಶಾಟ್ ರೆಡಿ' ಅಂದಾಗ ಆ ಬಾಗಿಲು ತೆರೆಯುತ್ತೆ, ನೀವು ಶಿಳ್ಳೆ ಹಾಕ್ತೀರಿ.

ಅಂಥದ್ದೊಂದು ಬಸ್ಸಿನ ಡ್ರೈವರ್ ನಾನು. ಬೆಂಗಳೂರಲ್ಲಿ ಒಬ್ಬ ಮಾಲೀಕರ ಹತ್ತಿರ ಏಳು ವರ್ಷದಿಂದ ಕೆಲಸ. ಒಳಗೆ ಯಾರ್ಯಾರು ಕೂತಿದ್ದರು ಅಂತ ಕೇಳಬೇಡಿ, ಹೇಳಿದರೆ ನಾಳೆ ನನಗೆ ಕೆಲಸ ಇರೋಲ್ಲ! ಒಂದು ಮಾತು ಮಾತ್ರ ಹೇಳಬಲ್ಲೆ. ಈ ಏಳು ವರ್ಷದಲ್ಲಿ ಒಂದೇ ಒಂದು ದಿನ ಒಳಗಿನ ಆ ಮೆತ್ತನೆ ಹಾಸಿಗೆ ಮೇಲೆ ನಾನು ಬೆನ್ನು ಚಾಚಿದವನಲ್ಲ. ನನ್ನ ನಿದ್ದೆ ಏನಿದ್ದರೂ ಸ್ಟಿಯರಿಂಗ್ ಹಿಂದೆ.

ಇಂಥ ನನಗೆ ಕಳೆದ ಜನವರಿಯಲ್ಲಿ ಬೈಂದೂರಿನಿಂದ ಸೋದರಮಾವನ ಫೋನು ಬಂತು.

"ನಮ್ ಗಾಡಿ ಬ್ರಹ್ಮಾವರಕ್ಕೆ ತಕಂಡ್ ಹೋಯ್ಕ್. ಮೂರ್ ದಿನ ರಜಿ ಹಾಕಿ ಬಾ."

"ನೀವೇ ಬಿಡಬಹುದಲ್ಲ ಮಾವ?" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಣ್ ಸಮ ಕಾಂತಿಲ್ಲೆ ಮಾರಾಯ."

ನನ್ನ ಮಾವ ಕಣ್ಣು ಕಾಣೋಲ್ಲ ಅನ್ನುವುದೇ? ಮೂವತ್ತನಾಲ್ಕು ವರ್ಷ ಬಸ್ ಡ್ರೈವರ್ ಆಗಿದ್ದವರು. ಬಾಳೆಬರೆ ಘಾಟಿಯ ತಿರುವುಗಳಲ್ಲಿ, ಮಳೆಗಾಲದ ಮಂಜಿನಲ್ಲಿ, ರಾತ್ರಿ ಬಸ್ಸು ಬಿಟ್ಟವರು. ಪ್ಯಾಸೆಂಜರೆಲ್ಲ ಗೊರಕೆ ಹೊಡೆಯುವಾಗ ಊರಿಗೆ ಊರೇ ನಂಬಿದ್ದು ಆ ಎರಡು ಕಣ್ಣನ್ನು! ಆಗಿನ ಕಾಲದಲ್ಲಿ ಸಿನಿಮಾ ರೀಲಿನ ತಗಡಿನ ಡಬ್ಬಿಗಳೂ ಬಸ್ಸಿನಲ್ಲೇ ಬರುತ್ತಿದ್ದವು. ಬಸ್ಸು ತಡವಾದರೆ ಊರಿನ ಆಟವೂ ತಡ. "ನಾನ್ ಬಂದ್ರೆ ಮಾತ್ರ ರಾಜ್‌ಕುಮಾರ್ ಬಪ್ಪುದು" ಅಂತ ಮಾವ ಜಂಬ ಕೊಚ್ಚುತ್ತಿದ್ದದ್ದು ನನಗಿನ್ನೂ ನೆನಪಿದೆ. ನಾನು ಡ್ರೈವರ್ ಆದದ್ದೂ, ಸಿನಿಮಾ ಹುಚ್ಚ ಆದದ್ದೂ ಆ ಒಂದು ಮಾತಿನಿಂದ.

ಮನೆಗೆ ನಾಲ್ಕು ಚಕ್ರ

ಮಾವ ನಿವೃತ್ತಿ ಆದದ್ದು 2019ರಲ್ಲಿ. ಆ ದಿನ ರಾತ್ರಿ ಅತ್ತೆ ಒಂದು ಮಾತು ಅಂದಿದ್ದರಂತೆ. "ಊರವರನ್ನೆಲ್ಲ ಊರೂರಿಗೆ ಮುಟ್ಟಿಸಿದ್ರಿ. ನಾನ್ ಶಿವಮೊಗ್ಗನೂ ಕಂಡವಳಲ್ಲ." ಮೂವತ್ತನಾಲ್ಕು ವರ್ಷ ಬೈಂದೂರಿನ ಮನೆಯಲ್ಲಿ ರಾತ್ರಿ ಹೊತ್ತು ಒಬ್ಬರೇ ಇದ್ದವರ ಮಾತು ಅದು. ಮಾವನಿಗೆ ನಾಟಿತು.

ಬಂದ ಹಣದಲ್ಲಿ ಹಳೇ ಟೆಂಪೋ ಟ್ರಾವೆಲರ್ ಕೊಂಡರು. ಸೀಟುಗಳನ್ನು ಕಿತ್ತು ಪ್ಲೈವುಡ್ಡಿನ ಮಂಚ, ಅದರ ಕೆಳಗೆ ಪೆಟ್ಟಿಗೆ, ಪಕ್ಕದಲ್ಲಿ ಎರಡು ಒಲೆಯ ಗ್ಯಾಸ್, ಎಂಬತ್ತು ಲೀಟರಿನ ನೀರಿನ ಟ್ಯಾಂಕು, ತಲೆ ಮೇಲೆ ಒಂದು ಸೋಲಾರ್ ಹಲಗೆ, ಬ್ಯಾಟರಿ, ಎರಡು ಫ್ಯಾನು, ಕಿಟಕಿಗಳಿಗೆ ಸೊಳ್ಳೆ ಬಲೆ. ಏಸಿ ಇಲ್ಲ. ಕನ್ನಡಿ ಸುತ್ತ ಬಲ್ಬುಗಳೂ ಇಲ್ಲ! ಮೂಲೆಯಲ್ಲಿ ದೇವರ ಪಟ ಒಂದು, ಅದರ ಪಕ್ಕ ಅತ್ತೆಯ ಮಸಾಲೆ ಡಬ್ಬಿ.

ನಿಮ್ಮಲ್ಲಿ ಯಾರಿಗಾದರೂ ಇಂಥ ಆಸೆ ಇದ್ದರೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಗ್ಯಾರೇಜಿನವನಿಗೆ ದುಡ್ಡು ಕೊಟ್ಟು ಮನಸ್ಸಿಗೆ ಬಂದಂತೆ ಗಾಡಿ ಬದಲಾಯಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತೆ. ಕಂಪನಿ ಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ಮಾರ್ಪಾಡು ಮಾಡಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕಾನೂನಿನಲ್ಲಿ ಕಾರವಾನಿಗೆ ಅದರದೇ ನಿಯಮಗಳಿವೆ. ಅನುಮತಿ ಪಡೆದ ಕಡೆಯೇ ಕೆಲಸ ಮಾಡಿಸಿ, ಆರ್‌ಟಿಓ ಕಚೇರಿಯಲ್ಲಿ ತೋರಿಸಿ, ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಮಾವ ಎಲ್ಲ ಮಾಡಿಸಿದ್ದರು. ಡ್ರೈವರ್ ಅಲ್ಲವೇ, ಕಾಗದಪತ್ರ ಮೊದಲು, ಗಾಡಿ ಆಮೇಲೆ!

ಹಾಗೆ ಹೊರಟವರು ಹಂಪಿ ಕಂಡರು, ಬಾದಾಮಿ ಕಂಡರು, ಕನ್ಯಾಕುಮಾರಿ ಕಂಡರು. ಊರವರು ನಕ್ಕರು, "ಅಲೆಮಾರಿ ಆಯ್ರ್" ಅಂದರು. ಆದರೆ ಇಂಥವರು ನಮ್ಮ ಮಾವ ಅತ್ತೆ ಇಬ್ಬರೇ ಏನಲ್ಲ. ಕೊಚ್ಚಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ವಿಜಯನ್ ಮತ್ತು ಮೋಹನಾ ದಂಪತಿ ಬಹುಮಟ್ಟಿಗೆ ಅಂಗಡಿಯ ಸಂಪಾದನೆಯಲ್ಲೇ 26 ದೇಶ ಸುತ್ತಿದ್ದರು. 2021ರ ನವೆಂಬರಿನಲ್ಲಿ ವಿಜಯನ್ ತೀರಿಕೊಂಡರು. ನಮ್ಮ ಮೈಸೂರಿನ ಕೃಷ್ಣಕುಮಾರ್ ಅಪ್ಪನ ಹಳೇ ಬಜಾಜ್ ಚೇತಕ್ ಸ್ಕೂಟರಿನಲ್ಲಿ ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು 2018ರಲ್ಲಿ ದೇಶ ಸುತ್ತಲು ಹೊರಟದ್ದನ್ನು ನೀವೂ ಕೇಳಿದ್ದೀರಿ. ಆಸ್ಟ್ರೇಲಿಯಾದಲ್ಲಂತೂ ನಿವೃತ್ತರು ಕಾರವಾನ್ ಏರಿ ತಿಂಗಳುಗಟ್ಟಲೆ ತಿರುಗುತ್ತಾರೆ. 'ಗ್ರೇ ನೋಮ್ಯಾಡ್ಸ್', ಅಂದರೆ ನರೆಗೂದಲ ಅಲೆಮಾರಿಗಳು ಅಂತ ಅವರಿಗೆ ಹೆಸರೇ ಇದೆ. ಸಿನಿಮಾ ಬೇಕೇ? 2021ರಲ್ಲಿ ಆಸ್ಕರ್ ಗೆದ್ದ 'ನೋಮ್ಯಾಡ್‌ಲ್ಯಾಂಡ್' ನೋಡಿ. ಗಂಡನನ್ನೂ ಕೆಲಸವನ್ನೂ ಕಳೆದುಕೊಂಡ ಹೆಂಗಸು ವ್ಯಾನನ್ನೇ ಮನೆ ಮಾಡಿಕೊಂಡ ಕಥೆ. ಹೊಟ್ಟೆಪಾಡಿಗೆ ಗಾಡಿಯಲ್ಲಿ ಬದುಕುವುದು ಬೇರೆ, ಆಸೆಪಟ್ಟು ಬದುಕುವುದು ಬೇರೆ ಅಂತ ಆಗ ತಿಳಿಯುತ್ತೆ.

ಮೊದಲ ರಾತ್ರಿ: ಬೈಂದೂರು

ನಾನು ಬೈಂದೂರಲ್ಲಿ ಇಳಿದಾಗ ಮಾವ ಗಾಡಿಯ ಚಕ್ರ ತೊಳೆಯುತ್ತಿದ್ದರು. ಮುಂದಿನಿಂದ ಬಂದರೆ ನಾನು ಕಾಣುತ್ತೇನೆ, ಪಕ್ಕದಿಂದ ಬಂದರೆ ಕಾಣೋಲ್ಲ. ಗ್ಲಾಕೋಮಾ ಅಂದರಂತೆ ಡಾಕ್ಟರು. ಕಣ್ಣಿನ ನರವನ್ನು ಸದ್ದಿಲ್ಲದೆ ತಿನ್ನುವ ರೋಗ. ಸಾಮಾನ್ಯವಾಗಿ ಮೊದಲು ಹೋಗುವುದು ಬದಿಯ ನೋಟ. ಹೋದದ್ದು ವಾಪಸು ಬರೋಲ್ಲ, ಉಳಿದದ್ದನ್ನು ಔಷಧದ ಹನಿಗಳಿಂದ ಕಾಪಾಡಿಕೊಳ್ಳಬೇಕು. ನಲವತ್ತು ದಾಟಿದ ಅಪ್ಪ ಅಮ್ಮ ಇದ್ದರೆ ಒಂದು ಸಲ ಕಣ್ಣಿನ ಒತ್ತಡ ನೋಡಿಸಿ ಗೆಳೆಯರೇ. ಬದಿಯಿಂದ ಬರುವ ಸೈಕಲ್ಲು ಕಾಣದವರು ಗಾಡಿ ಬಿಡಬಾರದು. ಇದನ್ನು ಮಾವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರೇ ಕೀಲಿ ತೆಗೆದು ಗೂಟಕ್ಕೆ ಹಾಕಿದ್ದರು.

ಬ್ರಹ್ಮಾವರದಲ್ಲಿ ಗಾಡಿ ನೋಡಲು ಒಬ್ಬರು ಬರುವವರಿದ್ದರು. ಶೂಟಿಂಗಿಗೆ ವಾಹನ ಬಾಡಿಗೆ ಕೊಡುವವರು. ಏಸಿ ಹಾಕಿಸಿ, ಕನ್ನಡಿಗೆ ಬಲ್ಬು ಸಿಕ್ಕಿಸಿದರೆ ಮುಗೀತು! ಮಾವನ ಮನೆ ಯಾವುದೋ ಹೀರೋನ ಕಾರವಾನ್.

"ಬೈಂದೂರಿಂದ ಬ್ರಹ್ಮಾವರಕ್ಕೆ ಅರವತ್ತು ಕಿಲೋಮೀಟರೂ ಇಲ್ಲ, ಮೂರು ದಿನ ಯಾಕೆ ಮಾವ?"

"ಜೀವಮಾನ ಇಡೀ ಟೈಮಿಗೆ ಸರಿಯಾಗಿ ಬಿಟ್ಟವ ನಾನು. ಈ ಸಲಕ್ಕೆ ಟೈಮ್ ಇಲ್ಲೆ."

ಮೊದಲ ರಾತ್ರಿ ನಿಂತದ್ದು ಸೋಮೇಶ್ವರದ ಕಡಲ ಹತ್ತಿರ. ಒತ್ತಿನೆಣೆ ಗುಡ್ಡದ ಕೆಳಗೆ ಸೂರ್ಯ ಮುಳುಗುವುದನ್ನು ಮಾವ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿದರು. ಇಲ್ಲಿಂದಲೇ ಒಂದು ದಾರಿ ಕೊಲ್ಲೂರಿಗೆ ಹೋಗುತ್ತೆ. ಕೊಲ್ಲೂರು ಅಂದರೆ ಸಿನಿಮಾದವರ ತವರು. ಎಂಜಿಆರ್ ಮೂಕಾಂಬಿಕೆಗೆ ಚಿನ್ನದ ಖಡ್ಗ ಒಪ್ಪಿಸಿದ್ದು, ಯೇಸುದಾಸ್ ವರ್ಷ ವರ್ಷ ಹುಟ್ಟುಹಬ್ಬಕ್ಕೆ ಬಂದು ಹಾಡುತ್ತಿದ್ದದ್ದು ಇಡೀ ದಕ್ಷಿಣ ಭಾರತಕ್ಕೇ ಗೊತ್ತು. ಅತ್ತೆ ನಿಂತಲ್ಲಿಂದಲೇ ಆ ದಿಕ್ಕಿಗೆ ಕೈ ಮುಗಿದರು. ಏನು ಬೇಡಿಕೊಂಡರೋ ನಾನು ಕೇಳಲಿಲ್ಲ.

ಅವತ್ತು ಮಾವ ಮುಂದಿನ ಸೀಟಿನಲ್ಲಿ ಮಲಗಿ, "ನೀ ಮಂಚದ್ ಮೇಲೆ ಮಲ್ಕೋ" ಅಂದರು. ಏಳು ವರ್ಷ ಕಾರವಾನ್ ಓಡಿಸಿದ ನಾನು ಮೊದಲ ಸಲ ಕಾರವಾನಿನಲ್ಲಿ ಮಲಗಿದೆ. ಅತ್ತೆಗೆ ಕೆಳಗೆ ಚಾಪೆಯೇ ಇಷ್ಟವಂತೆ. ನಿದ್ದೆ ಬಂತು ಅಂತೀರಾ? ಕಡಲಿನ ಸದ್ದಿಗೆ ಎದ್ದೂ ಎದ್ದೂ ನೋಡಿದ್ದೇ ಬಂತು!

ಎರಡನೇ ರಾತ್ರಿ: ಮರವಂತೆ, ಕುಂದಾಪುರ

ಬೆಳಿಗ್ಗೆ ಉಪ್ಪುಂದ, ಕಿರಿಮಂಜೇಶ್ವರ, ನಾವುಂದ ದಾಟಿ ಮರವಂತೆ. ಎಡಕ್ಕೆ ಸೌಪರ್ಣಿಕಾ ಹೊಳೆ, ಬಲಕ್ಕೆ ಅರಬ್ಬೀ ಸಮುದ್ರ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಪರದೆ ಮೇಲೆ ಎಷ್ಟೋ ಸಲ ನೋಡಿದ್ದೀರಿ. ಸ್ವತಃ ಸ್ಟಿಯರಿಂಗ್ ಹಿಡಿದು ದಾಟಿ ನೋಡಿ, ಎರಡೂ ಕಡೆ ನೀರು ಅಂದರೆ ಕೈ ತಾನಾಗಿ ಸ್ಪೀಡು ಇಳಿಸುತ್ತೆ. ಒಂದು ಕಿವಿಮಾತು: ಎಷ್ಟೇ ಆಸೆ ಆದರೂ ಗಾಡಿಯನ್ನು ಮರಳಿಗೆ ಇಳಿಸಬೇಡಿ. ಒಳಗೆ ಮನೆ ಹೊತ್ತ ಗಾಡಿ ಹೂತರೆ ಎತ್ತಲು ಕ್ರೇನೇ ಬೇಕು. ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತೆ, ಕಡಲ ಬದಿಯಲ್ಲಿ ನಿಂತ ಮರುದಿನ ಸಿಹಿನೀರಿನಲ್ಲಿ ಗಾಡಿಯ ಹೊಟ್ಟೆ ತೊಳೆಯಬೇಕು. ಮಲಗುವ ಮುಂಚೆ ಗ್ಯಾಸ್ ಸಿಲಿಂಡರಿನ ಬಾಯಿ ಬಂದ್ ಮಾಡಲೇಬೇಕು. ಇದೆಲ್ಲ ಮಾವ ಹೇಳಿಕೊಟ್ಟ ಪಾಠ.

ಅಲ್ಲಿ ನಿಂತಾಗ ಅತ್ತೆ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು, "ಈ ಕ್ಲಚ್ಚು ಒತ್ತುಕೆ ಬಾರೀ ಗಟ್ಟಿ ಇತ್ತಾ?" ಸುಮ್ಮನೆ ಕೇಳಿದ್ದಾರೆ ಅಂದುಕೊಂಡೆ. "ಕಾರಿಗಿಂತ ಸ್ವಲ್ಪ ಗಟ್ಟಿ ಅತ್ತೆ" ಅಂದೆ. ತ್ರಾಸಿಯಲ್ಲಿ ಮತ್ತೆ, "ಹಿಂದಕ್ಕೆ ತೆಗೀವಾಗ ಯಾವ ಕನ್ನಡಿ ಕಾಣೂದು?" ಅಂತ. ನಾನು ದಡ್ಡ, ಆಗಲೂ ತಿಳಿಯಲಿಲ್ಲ.

ಕುಂದಾಪುರದಲ್ಲಿ ಮೀನು ಪೇಟೆಗೆ ಹೋಗಿ ಬಂಗಡೆ ತಂದೆವು. ಶಾಸ್ತ್ರಿ ಸರ್ಕಲಿನಲ್ಲಿ ಇಬ್ಬರು ಹುಡುಗರು ಗಾಡಿಯೊಳಗೆ ಇಣುಕಿ, "ಹ್ವಾಯ್, ಒಳಗೆ ಯಾರಿದ್ರ್? ರಿಷಬ್ ಶೆಟ್ರಾ?" ಅಂದರು. ತಪ್ಪೇನು? ಈ ತಾಲೂಕಿನ ಕೆರಾಡಿಯ ಹುಡುಗ ತನ್ನೂರಲ್ಲೇ 'ಕಾಂತಾರ' ತೆಗೆದು, 2022ರಲ್ಲಿ ದೇಶಕ್ಕೆಲ್ಲ ತೋರಿಸಿ, ರಾಷ್ಟ್ರಪ್ರಶಸ್ತಿ ತಂದವರು. 'ಕೆಜಿಎಫ್' ಸಂಗೀತದ ರವಿ ಅವರ ಹೆಸರಿನ ಜೊತೆಗೇ ಬಸ್ರೂರು ಇದೆ. ಅತ್ತೆ ಬಾಗಿಲು ತೆರೆದು, "ರಿಷಬ್ ಶೆಟ್ರಿಲ್ಲ, ಬಂಗ್ಡಿ ಸಾರಿತ್ತ್, ಉಂತ್ರ್ಯಾ?" ಅಂದರು. ಹುಡುಗರು ನಕ್ಕು ಓಡಿಹೋದರು. ಅವತ್ತು ರಾತ್ರಿ ಪರಿಚಯದವರೊಬ್ಬರ ತೆಂಗಿನ ತೋಟದಲ್ಲಿ ಗಂಜಿ, ಬಂಗಡೆ ಸಾರು. ಸೆವೆನ್ ಸ್ಟಾರ್ ಹೋಟೆಲೂ ಬೇಡ!

ಮೂರನೇ ರಾತ್ರಿ: ಮಂದಾರ್ತಿ ಮೇಳ

ಕೋಟೇಶ್ವರ ಬಂದಾಗ ನಾನು ಹಾರ್ನ್ ಒತ್ತಿ ನಮಸ್ಕಾರ ಹೇಳಿದೆ. 'ಅಪರಿಚಿತ', 'ಅನುಭವ' ಕೊಟ್ಟ ನಮ್ಮ ಕಾಶೀನಾಥ್ ಹುಟ್ಟಿದ ಊರು. 2018ರ ಜನವರಿಯಲ್ಲಿ ನಮ್ಮನ್ನು ಬಿಟ್ಟು ಹೋದರು. ಮುಂದೆ ಕೋಟ, ಶಿವರಾಮ ಕಾರಂತರ ಊರು. ಅವರ 'ಚೋಮನ ದುಡಿ' 1975ರಲ್ಲಿ ಸಿನಿಮಾ ಆಗಿ ಸ್ವರ್ಣಕಮಲ ತಂದದ್ದನ್ನು ಬಲ್ಲ ಹಿರಿಯರು ಈಗಲೂ ಈ ದಾರಿಯಲ್ಲಿ ಸಿಗುತ್ತಾರೆ.

ಕೋಟದಿಂದ ಒಳದಾರಿ ಹಿಡಿದು ಮಂದಾರ್ತಿ ಕಡೆ ಹೋದೆವು. ಕೊಯ್ಲು ಮುಗಿದ ಗದ್ದೆಯಲ್ಲಿ ಹರಕೆ ಆಟ. ಮಂದಾರ್ತಿ ದೇವಿಯ ಹೆಸರಿನ ಮೇಳಗಳು ಐದು. ಐದೂ ಪ್ರತಿ ರಾತ್ರಿ ಬೇರೆ ಬೇರೆ ಕಡೆ ಆಡಿದರೂ ಹರಕೆ ಹೊತ್ತವರು ವರ್ಷಗಟ್ಟಲೆ ಕಾಯಬೇಕು. ಚೌಕಿಯ ಹಿಂದೆ ಮೇಳದ ಗಾಡಿ ನಿಂತಿತ್ತು. ಪೆಟ್ಟಿಗೆಗಳು, ಚಾಪೆಗಳು, ಒಣಗಲು ಹಾಕಿದ ಪಂಚೆಗಳು. ದೀಪಾವಳಿ ಕಳೆದು ಹೊರಟರೆ ಮಳೆ ಹತ್ತಿರ ಬರುವವರೆಗೂ ಈ ಕಲಾವಿದರಿಗೆ ರಾತ್ರಿ ಒಂದೂರು, ಹಗಲು ಒಂದೂರು.

"ಕಂಡ್ಯಾ? ನಾವೇನ್ ಹೊಸ್ತ್ ಮಾಡಿದ್ದಲ್ಲ. ಇವರೆಲ್ಲ ನಮ್ಮಿಂದ ಮುಂಚೆಯೇ ಮನಿ ಹೊತ್ಕಂಡ್ ತಿರುಗಿದವ್ರ್" ಅಂದರು ಮಾವ. ಸಾಲಿಗ್ರಾಮ ಮೇಳದ ಡೇರೆಯಲ್ಲಿ ಟಿಕೆಟು ತೆಗೆದು ಕಾಳಿಂಗ ನಾವಡರ ಭಾಗವತಿಕೆ ಕೇಳಿದ ಕಾಲವನ್ನು ನೆನೆದರು. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಮೂವತ್ತೆರಡರ ಆಸುಪಾಸು. "ರಸ್ತೆ ಅನ್ನ ಕೊಡತ್ತ್. ತಪ್ಪಿದ್ರೆ ಬಿಡೂದಿಲ್ಲೆ. ಅದಕ್ಕೇ ನಾನ್ ಕೀಲಿ ಕೆಳಗಿಟ್ಟದ್ದ್" ಅಂದು ಸುಮ್ಮನಾದರು. ಮುಂಡಾಸು ಕಟ್ಟಿದ ವೇಷ ರಂಗಕ್ಕೆ ನುಗ್ಗಿತು. ಬದಿಯಿಂದ ಬಂದದ್ದು ಮಾವನಿಗೆ ಕಾಣಲಿಲ್ಲ, ಚಂಡೆ ಕೇಳಿ ತಿರುಗಿದರು.

ಬ್ರಹ್ಮಾವರ

ಬೆಳಿಗ್ಗೆ ಹತ್ತು ಗಂಟೆಗೆ ಬ್ರಹ್ಮಾವರ. ಪಾರ್ಟಿಯವರು ಕಾಯುತ್ತಿದ್ದರು. ಗಾಡಿ ಸುತ್ತ ಎರಡು ಸುತ್ತು ಬಂದರು, ಬಾನೆಟ್ ಎತ್ತಿದರು, ಕೆಳಗೆ ಬಗ್ಗಿ ತುಕ್ಕು ಹುಡುಕಿದರು. ಸಿಗಲಿಲ್ಲ. "ಒಳ್ಳೇ ಮೆಂಟೇನ್ ಮಾಡಿದ್ದೀರಿ" ಅಂತ ಮುಂಗಡದ ಹಣ ಎಣಿಸತೊಡಗಿದರು. ಮಾವ ಕೀಲಿ ಹಿಡಿದು ನಿಂತಿದ್ದರು. ಮೂವತ್ತನಾಲ್ಕು ವರ್ಷ ಡ್ಯೂಟಿ ಮುಗಿಸಿ ಡಿಪೋದಲ್ಲಿ ಕೀಲಿ ಒಪ್ಪಿಸಿದವರಿಗೆ ಇದೊಂದನ್ನು ಒಪ್ಪಿಸಲು ಕೈ ಬರಲಿಲ್ಲ.

"ಗಾಡಿ ಮಾರುದ್ ಬ್ಯಾಡ" ಅಂದರು ಅತ್ತೆ.

ಮೂರು ಜನ ಗಂಡಸರೂ ತಿರುಗಿದೆವು. ಅತ್ತೆ ಪರ್ಸಿನಿಂದ ಮಡಚಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಲರ್ನರ್ಸ್ ಲೈಸೆನ್ಸ್! ತಿಂಗಳ ಹಿಂದಿನ ತಾರೀಕು. ಮಾವನಿಗೂ ಹೇಳದೆ ತೆಗೆಸಿದ್ದರು. ಇಂಥ ಗಾಡಿ ಏಳೂವರೆ ಟನ್ನಿಗಿಂತ ಬಹಳ ಕಡಿಮೆ ತೂಕದ್ದು, ಆದ್ದರಿಂದ ಕಾರಿನ ಲೈಸೆನ್ಸೇ ಸಾಕು. ಅದನ್ನೂ ವಿಚಾರಿಸಿಕೊಂಡಿದ್ದರು. ಅತ್ತೆಗೆ ವಯಸ್ಸು ಅರವತ್ತೊಂದು.

"ಈ ಪ್ರಾಯದಲ್ಲಾ?" ಅಂದರು ಮಾವ.

"ಮೂವತ್ನಾಲ್ಕ್ ವರ್ಷ ನೀವ್ ಬಿಟ್ರಿ, ನಾನ್ ಕಾದೆ. ಇನ್ ಮೇಲೆ ನಾನ್ ಬಿಡ್ತೆ, ನೀವ್ ಪಕ್ಕದಲ್ಲ್ ಕೂಕಣಿ. ನಿಮ್ಗೆ ಎದುರು ಕಾಂತಲ್ಲ, ದಾರಿ ಹೇಳಿ ಸಾಕ್."

ಪಾರ್ಟಿಯವರು ಹಣ ಜೇಬಿಗಿಟ್ಟುಕೊಂಡು, "ಮನಸ್ಸು ಬದಲಾದರೆ ಫೋನ್ ಮಾಡಿ" ಅಂತ ಹೊರಟರು. ಮಾವ ಏನೂ ಮಾತಾಡಲಿಲ್ಲ. ಗಾಡಿಯ ಮುಂದೆ ಹೋಗಿ ಗಾಜು ಒರೆಸಿದರು. ಆಮೇಲೆ ಹಿಂದಿನ ಗಾಜಿಗೂ ಬಟ್ಟೆ ಹಾಕಿದರು.

ವಾಪಸು ಬೈಂದೂರಿಗೆ ನಾನೇ ಬಿಟ್ಟೆ, ಮೂರು ದಿನದ ದಾರಿ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಈಗ ಅತ್ತೆ ದಿನಾ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುತ್ತಿದ್ದಾರೆ. ಮೊದಲನೇ ಟೆಸ್ಟಿನಲ್ಲಿ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಗುಲಿಸಿ ಫೇಲಾದರಂತೆ! ಮತ್ತೆ ಅರ್ಜಿ ಹಾಕಿದ್ದಾರೆ. ಮಾವ ಅಂಗಳದಲ್ಲಿ ತೆಂಗಿನ ಸಿಪ್ಪೆ ಸಾಲಾಗಿ ಇಟ್ಟು ರಿವರ್ಸ್ ಹೇಳಿಕೊಡುತ್ತಾರೆ, ಕಣ್ಣಿಗೆ ಹನಿ ಹಾಕುವ ಹೊತ್ತಿಗೆ ಮಾತ್ರ ಪಾಠಕ್ಕೆ ವಿರಾಮ.

ನಾನು ಮತ್ತೆ ಬೆಂಗಳೂರಿನ ಕಾರವಾನಿಗೆ ಬಂದಿದ್ದೇನೆ. ಒಳಗೆ ಹೀರೋ, ಹೊರಗೆ ನೀವು, ಸ್ಟಿಯರಿಂಗ್ ಹಿಂದೆ ನಾನು. ಮರವಂತೆ ದಾರಿಯಲ್ಲಿ ಒಂದು ಟೆಂಪೋ ಟ್ರಾವೆಲರ್ ಮೆಲ್ಲಗೆ, ಎಡಬದಿ ಹಿಡಿದು ಹೋಗುವುದನ್ನು ಕಂಡರೆ ಹಾರ್ನ್ ಹೊಡೆದು ಅವಸರ ಮಾಡಬೇಡಿ ಮಿತ್ರರೇ. ಬಿಡುವವರು ನಮ್ಮ ಅತ್ತೆ ಇರಬಹುದು.