ಕೆಳಗಿನ ಮನೆಯ ಸೀಲಿಂಗ್

ಮನೆ ಕೊಳ್ಳುವಾಗ ಲಾಯರ್‌ಗೆ ಕೊಡುವ ಮರ್ಯಾದೆಯನ್ನು ನಾವು ಪ್ಲಂಬರ್‌ಗೆ ಕೊಡೋದಿಲ್ಲ. ಮದರ್ ಡೀಡ್, ಖಾತಾ, 30 ವರ್ಷದ ಇಸಿ ಎಲ್ಲ ತೆಗೆಸಿ ಸಾಲುಸಾಲೂ ಓದಿಸ್ತೀವಿ. ನಲ್ಲಿಯನ್ನು ಮಾತ್ರ ಒಂದ್ಸಲ ತಿರುಗಿಸಿ, ನೀರು ಬಂತಲ್ಲ ಅಂತ ಮುಂದಿನ ರೂಮಿಗೆ ಹೋಗ್ತೀವಿ.

ನಾವು ನೋಡಿದ್ದು ಬನಶಂಕರಿ ಕಡೆ 22 ವರ್ಷ ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಫ್ಲ್ಯಾಟು. 20 ವರ್ಷದ ಸಾಲ, ಅದರ ಜೊತೆ ಅಪ್ಪನ ಗ್ರಾಚ್ಯುಟಿಯ ದೊಡ್ಡ ಪಾಲು. ಅಪ್ಪನ ದುಡ್ಡು ಅನ್ನೋ ಕಾರಣಕ್ಕೇ ಟೋಕನ್ ಕೊಡೋ ಮುಂಚೆ ಒಬ್ಬ ಪ್ಲಂಬರನ್ನು ಕರ್ಕೊಂಡು ಹೋದೆ. ಬ್ರೋಕರ್ ಮುಖ ನೋಡಬೇಕಿತ್ತು. ಗಂಡು ನೋಡೋಕೆ ಬಂದವರು ಜೊತೆಗೊಬ್ಬ ಡಾಕ್ಟರನ್ನೂ ಕರೆತಂದ ಹಾಗೆ!

ಪ್ಲಂಬರ್ ಎರಡು ಬಾತ್‌ರೂಮಿನ, ಅಡುಗೆಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟರು. ಅಲ್ಲಿವರೆಗೂ ಜೋರಾಗಿದ್ದ ಷವರ್ ದಾರದಷ್ಟಾಯ್ತು. ಹಳೆ ಜಿಐ ಪೈಪು. ಒಳಗಿಂದ ತುಕ್ಕು ಹಿಡಿದು, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಕೂತು ದಾರಿ ಸಣ್ಣಗಾಗಿದೆ. ಟಿಡಿಎಸ್ ಮೀಟರ್ 900 ದಾಟಿತು. ಕುಡಿಯುವ ನೀರಿಗೆ ಬಿಐಎಸ್ ಹೇಳೋದು ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 2000. ಕಾವೇರಿ ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ಎಷ್ಟು ಅಂತಲೂ ವಿಚಾರಿಸಿದರು. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿದ್ದವರಿಗೆ ಈ ಪ್ರಶ್ನೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಫ್ಲಶ್ ಟ್ಯಾಂಕಿಗೆ ಕೇಸರಿಬಾತಿನ ಬಣ್ಣ ಹಾಕಿದರು, ಹತ್ತು ನಿಮಿಷಕ್ಕೆ ಕಮೋಡಲ್ಲಿ ಬಣ್ಣ. ಅದು ಬರೀ ವಾಷರ್ ಸಮಸ್ಯೆಯಂತೆ.

ಇಷ್ಟಾದ ಮೇಲೆ, "ಬನ್ನಿ ಸರ್, ಈಗ ಕೆಳಗಿನ ಮನೆ ನೋಡೋಣ" ಅಂದರು.

ನಮ್ಮ ಫ್ಲ್ಯಾಟುಗಳ ಬಾತ್‌ರೂಮಿನ ಸ್ಲ್ಯಾಬು ತಗ್ಗಾಗಿರುತ್ತೆ. ಆ ತಗ್ಗಿನಲ್ಲಿ ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರ್ತಾರೆ. ಜಾಯಿಂಟ್ ಸೋರಿದರೆ ನೀರು ಅಲ್ಲೇ ನಿಂತು ನಿಧಾನಕ್ಕೆ ಕೆಳಗಿಳಿಯುತ್ತೆ. ಮೇಲಿನವರಿಗೆ ಟೈಲ್ಸ್ ಪಳಪಳ, ಏನೂ ಗೊತ್ತಾಗಲ್ಲ.

ಬಾಗಿಲು ತೆಗೆದದ್ದು ಒಬ್ಬರೇ ಇರುವ ಅಜ್ಜಿ. ಅವರ ಬಾತ್‌ರೂಮಿನ ಮೂಲೆಯಲ್ಲಿ ಬಕೆಟ್. ಮೇಲೆ ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಕಂಬಿ ಕಾಣ್ತಿತ್ತು. "ಮೂರು ವರ್ಷ ಆಯ್ತಪ್ಪ, ಹೇಳಿ ಹೇಳಿ ಸಾಕಾಯ್ತು. ಹೊಸಬರು ನೀವೇನಾ?"

ಏನು ಹೇಳಬೇಕೋ ತಿಳಿಯಲಿಲ್ಲ. ಆ ಬಕೆಟ್ ಯಾವ ಸೇಲ್ ಡೀಡಲ್ಲೂ ಇರೋದಿಲ್ಲ, ಆದರೆ ಕೀ ಜೊತೆಗೆ ನಮ್ಮ ಕೈಗೇ ಬರುತ್ತೆ. ಬಿಲ್ಡರ್‌ನ ಕೇಳೋಣ ಅಂದ್ರೆ, ಈಗಿನ ರೇರಾ ಕಾಯ್ದೆಯಲ್ಲೂ ಅವರ ಹೊಣೆ ಪೊಸೆಷನ್ ಕೊಟ್ಟ 5 ವರ್ಷದವರೆಗೆ ಮಾತ್ರ.

ಮಾಲೀಕರು ಎರಡು ಲಕ್ಷ ಕಡಿಮೆ ಮಾಡ್ತೀನಿ, ನೀವೇ ರಿಪೇರಿ ಮಾಡಿಸ್ಕೊಳ್ಳಿ ಅಂದರು. ಅಪ್ಪನಿಗೆ ಅದು ಒಳ್ಳೆ ಡೀಲ್ ಅನ್ನಿಸ್ತು. ನಂಗೆ ಇಷ್ಟವಾಗಲಿಲ್ಲ. ನೆಲ ಒಡೆದ ಮೇಲೆ ಏನು ಸಿಗುತ್ತೋ, ಖರ್ಚು ಎರಡು ಲಕ್ಷಕ್ಕೇ ನಿಲ್ಲಬೇಕು ಅಂತೇನಿಲ್ಲವಲ್ಲ. ಮನೆಯಲ್ಲಿ ಎರಡು ದಿನ ಮಾತು ಬಿಟ್ಟು, ಕೊನೆಗೆ ಅಗ್ರಿಮೆಂಟಲ್ಲಿ ಷರತ್ತು ಬರೆಸಿದ್ವಿ: ಮಾಲೀಕರೇ ಪೈಪು ಬದಲಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಟೈಲ್ಸ್ ಹಾಕೋ ಮುಂಚೆ 48 ಗಂಟೆ ನೀರು ನಿಲ್ಲಿಸಿ ತೋರಿಸಬೇಕು. ರಿಜಿಸ್ಟ್ರೇಷನ್ ಆಮೇಲೆ. ಲಾಯರ್ ನಕ್ಕರು, ಆದ್ರೂ ಟೈಪ್ ಮಾಡಿಸಿದರು.

ಐದು ವಾರ ತಡವಾಯ್ತು, ಒಂದು ತಿಂಗಳ ಬಾಡಿಗೆ ಹೆಚ್ಚಿಗೆ ಕಟ್ಟಿದೆವು. ನೀರು ನಿಲ್ಲಿಸಿದ ಎರಡನೇ ಸಂಜೆ ನಾನೂ ಪ್ಲಂಬರೂ ಅಜ್ಜಿಯ ಬಾತ್‌ರೂಮಲ್ಲಿ ಟಾರ್ಚ್ ಬಿಟ್ಟು ಮೂಲೆ ಮೂಲೆ ನೋಡಿದ್ವಿ. ಒಂದು ಹನಿಯೂ ಇರಲಿಲ್ಲ. ಬಕೆಟ್ ಎತ್ತಿಡಲಾ ಅಂದೆ.

"ಇನ್ನೊಂದು ವಾರ ಇರ್ಲಿ ಬಿಡಪ್ಪ" ಅಂದರು.